ಕೂಸಿನ ಎಡಗೈ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ, ನಾಲೆಯ ಮಗ್ಗುಲಲ್ಲಿ, ಮಾರಯ್ಯನಹುಂಡಿ ಎಂಬ ಊರಿದೆ. ಅಲ್ಲಿನ ಅಂಗನವಾಡಿಯಲ್ಲಿ ಮುದ್ದಮ್ಮ ಸಹಾಯಕಿ. ಊರವರ ಬಾಯಲ್ಲಿ ಆಯಾ. ಈಗ ನರಸೀಪುರದ ಕಾಲೇಜಿಗೆ ಬೈಕಿನಲ್ಲಿ ಹೋಗುವ ಹುಡುಗರ ಮೂಗು ಒರೆಸಿ, ಚಡ್ಡಿ ತೊಳೆದು, ಅನ್ನ ಕಲಸಿ ತಿನ್ನಿಸಿದವಳು ಅವಳೇ.

ಅವಳ ಅಪ್ಪ ದೊಡ್ಡಮಾದಯ್ಯ ಹರೆಯದಲ್ಲಿ ಕ್ರೈಸ್ತನಾದವನು. ದೀಕ್ಷಾಸ್ನಾನದ ದಿನ ಆಗಿನ ಪಾಸ್ಟರು, ಕೂಸಿಗೂ ಬೇರೆ ಹೆಸರಿಡೋಣ ಎಂದರಂತೆ. ದೊಡ್ಡಮಾದಯ್ಯ ಒಪ್ಪಲಿಲ್ಲ. "ಇದು ನಮ್ಮವ್ವನ ಎಸ್ರು ಸಾ. ದೇವ್ರು ಮುದ್ದಮ್ಮ ಅಂತ ಕೂಗುದ್ರೂ ಇವ್ಳು ಓ ಅಂತಾಳೆ," ಎಂದನಂತೆ. ಹಾಗೆ ಹೆಸರು ಉಳಿಯಿತು.

ನರಸೀಪುರದ ನಮ್ಮ ಸಣ್ಣ ಸಭೆಗೆ ಮುದ್ದಮ್ಮ ಭಾನುವಾರದ ಮೊದಲ ಬಸ್ಸಿಗೆ ಬಂದುಬಿಡುತ್ತಿದ್ದಳು. ಚರ್ಚು ಗುಡಿಸಿ, ಜಮಖಾನ ಹಾಸಿ, ಹೂದಾನಿಗೆ ನೀರು ತುಂಬುವಷ್ಟರಲ್ಲಿ ಉಳಿದವರು ಬರುತ್ತಿದ್ದರು. ಸುಳ್ಳು ಹೇಳಿದವಳಲ್ಲ, ಒಬ್ಬರ ವಸ್ತು ಮುಟ್ಟಿದವಳಲ್ಲ. ಗಂಡ ಪ್ರೇಮ್‌ಕುಮಾರ್ ಗಾರೆ ಕೆಲಸದವನಾದರೂ ಒಂದು ದಿನವೂ ಕುಡಿದವನಲ್ಲ. ಅವಳಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಹುಡುಕುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದರಿಂದ ಬೇರೆಯವರಿಗೆ ಅವಕಾಶವೂ ಸಿಗುತ್ತಿರಲಿಲ್ಲ. ಯಾರ ಮಗಳು ಯಾವ ಹುಡುಗನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು, ಯಾರು ಕಾಣಿಕೆ ತಟ್ಟೆ ಬಂದಾಗ ತಲೆ ಬಗ್ಗಿಸಿದರು, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಪ್ರಾರ್ಥನೆಯಲ್ಲಿ ಸ್ತೋತ್ರ ಹೇಳುವಾಗ ಅವಳ ದನಿ ಎಲ್ಲರಿಗಿಂತ ಎತ್ತರ. ತನ್ನ ಮನೆಯನ್ನು ಹಾಳಾಗಲು ಬಿಡದ ದೇವರಿಗೆ ಸ್ತೋತ್ರ, ಗಂಡನನ್ನು ಕೆಟ್ಟ ದಾರಿಗೆ ಬಿಡದ ದೇವರಿಗೆ ಸ್ತೋತ್ರ. ಕೇಳಿದವರಿಗೆ, ಯಾರ ಮನೆ ಹಾಳಾಗಿದೆ, ಯಾರ ಗಂಡ ಕೆಟ್ಟಿದ್ದಾನೆ ಎಂಬುದೂ ಅದರಲ್ಲೇ ತಿಳಿಯುತ್ತಿತ್ತು.

ಅದೇ ಊರಿಗೆ ಕೋಮಲ ಬಂದಳು. ಅವಳಿಗೆ ಇದು ಎರಡನೆಯ ಮನೆ. ಮೊದಲ ಗಂಡ ಹೊಡೆಯುತ್ತಿದ್ದ. ಒಂದು ದಿನ ಎಳೇ ಕೂಸನ್ನು ಎದೆಗವಚಿಕೊಂಡು ಉಟ್ಟ ಸೀರೆಯಲ್ಲೇ ಹೊರಟುಬಿಟ್ಟಳು. ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಾಗ ಅಲ್ಲಿಗೆ ಲೋಡಿಂಗ್‌ಗೆ ಬರುತ್ತಿದ್ದ ಮಾರಯ್ಯನಹುಂಡಿಯ ಗುರುವಿನ ಪರಿಚಯವಾಯಿತು. ಗುರುವಿನ ತಾಯಿ ನಮ್ಮ ಸಭೆಯವಳು. ಮೊದಲ ಮದುವೆಯ ಕೋರ್ಟಿನ ವ್ಯವಹಾರ ಮುಗಿದ ಮೇಲೆ ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಚರ್ಚಿನಲ್ಲಿ ಅಲ್ಲ.

ಮುದ್ದಮ್ಮನಿಗೆ ಅಷ್ಟು ಸಾಕಾಯಿತು. ಹೆಂಗಸರ ಕೂಟದಲ್ಲಿ ಎದ್ದು ನಿಂತು, "ಗಂಡನ್ ಬುಟ್ಟು ಬಂದೋಳು ಕರ್ತನ ಮೇಜಿಗೆ ಬಂದ್ರೆ ನಾವೆಲ್ಲ ಯಾವ ಮೊಕ ಒತ್ಕಂಡು ಬರದು?" ಎಂದು ಕೇಳಿದಳು. ಪಾಸ್ಟರು ಹೊಸಬರು, ಚಿಕ್ಕ ವಯಸ್ಸು. ಜಗಳಕ್ಕೆ ಹೆದರಿ ಕೋಮಲಳಿಗೆ, "ಸ್ವಲ್ಪ ದಿನ ತಡೀಮ್ಮ," ಎಂದರು. ಆ ಸ್ವಲ್ಪ ದಿನ ಎರಡು ವರ್ಷವಾಯಿತು. ಕೋಮಲ ಬರುವುದನ್ನು ಬಿಡಲಿಲ್ಲ. ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂತಿರುತ್ತಿದ್ದಳು. ಯೇಸುವಿನ ಕಡೆಯ ಊಟದ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಕರ್ತನ ಮೇಜಿನ ಮೇಲೆ ಬಂದ ಕೂಡಲೇ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು.

ಕೂಸಿನ ಹೆಸರು ಕವನ. ಮೂರು ತುಂಬಿದ ಮೇಲೆ ಅಂಗನವಾಡಿಗೆ ಸೇರಿತು. ಮುದ್ದಮ್ಮ ಕೂಸಿಗೆ ಏನೂ ಭೇದ ಮಾಡಲಿಲ್ಲ. ಎಲ್ಲ ಮಕ್ಕಳಿಗೂ ಹಾಕಿದಷ್ಟೇ ಅನ್ನ, ಕೊಟ್ಟಂಥದೇ ಮೊಟ್ಟೆ. ತಾಯಿಯ ಮುಖ ಮಾತ್ರ ನೋಡುತ್ತಿರಲಿಲ್ಲ.

ಅದು ನಡೆದದ್ದು ಡಿಸೆಂಬರಿನಲ್ಲಿ. ಟೀಚರ್ ನಾಗರತ್ನ ತಾಲ್ಲೂಕಿನ ಮೀಟಿಂಗಿಗೆ ಹೋಗಿದ್ದರು. ಮುದ್ದಮ್ಮ ಒಬ್ಬಳೇ. ಸಾಂಬಾರು ಕುದಿದಿತ್ತು. ಇಳಿಸಿದ ಪಾತ್ರೆಯನ್ನು ಅಡುಗೆ ಕಟ್ಟೆಯ ಮೇಲೆ ಹಿಂದಕ್ಕೆ ಸರಿಸಿ ಇಡಬೇಕು. ಪ್ರತಿದಿನ ಹಾಗೇ ಇಡುತ್ತಿದ್ದಳು. ಅವತ್ತು ಕಟ್ಟೆಯ ಮೇಲೆ ಸೊಪ್ಪಿನ ರಾಶಿ ಇತ್ತು, ಅಷ್ಟರಲ್ಲಿ ಗೇಟಿನ ಬಳಿಯಿಂದ ಪಕ್ಕದ ಮನೆಯ ಗೋವಿಂದಮ್ಮ ಕರೆದಳು. ಪಾತ್ರೆಯನ್ನು ಅಡುಗೆಮನೆಯ ಬಾಗಿಲಲ್ಲೇ ನೆಲದ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುದ್ದಮ್ಮ ಹೋದಳು.

ಗೋವಿಂದಮ್ಮ ತಂದಿದ್ದು ಕೋಮಲಳ ಸುದ್ದಿ. ಕ್ರಿಸ್ಮಸ್ ಮುಗಿದ ಮೇಲೆ ತಮ್ಮ ಮದುವೆಗೆ ಚರ್ಚಿನಲ್ಲಿ ಒಂದು ಆಶೀರ್ವಾದದ ಪ್ರಾರ್ಥನೆ ಮಾಡಿಕೊಡಿ ಎಂದು ಗುರು ಪಾಸ್ಟರನ್ನು ಕೇಳಿದ್ದಾನಂತೆ.

"ಆಶೀರ್ವಾದ ಬ್ಯಾರೆ ಕೇಡು ಅವ್ಳಿಗೆ," ಎಂದಳು ಮುದ್ದಮ್ಮ. "ಒಂದ್ ಮನೆ ಕೆಡ್ಸುದ್ಲು, ಇನ್ನೊಂದ್ ಮನೆ ಸೇರುದ್ಲು. ಅಂತೋಳ್ನ ದೇವ್ರು ಮೂಸೂ ನೋಡಾಕಿಲ್ಲ."

ಅಷ್ಟರಲ್ಲಿ ಒಳಗಿನಿಂದ ಕಿರುಚಿದ ಸದ್ದು ಕೇಳಿತು. ಓಡಾಡುತ್ತಿದ್ದ ಕವನ ಬಾಗಿಲಲ್ಲಿ ಎಡವಿ ಪಾತ್ರೆಯ ಮೇಲೆ ಬಿದ್ದಿತ್ತು. ಎಡಗೈ ಭುಜದವರೆಗೆ, ಆ ಕಡೆಯ ಪಕ್ಕೆ, ಎಲ್ಲ ಬೆಂದುಹೋಗಿತ್ತು.

ಮುದ್ದಮ್ಮ ಕೂಸನ್ನು ಎಳೆದು ತೊಟ್ಟಿಯ ಬಳಿಗೆ ಹೊತ್ತೊಯ್ದು ನೀರು ಸುರಿದಳು. ಗೋವಿಂದಮ್ಮ ಓಡಿಹೋಗಿ ನಂಜೇಶನ ಆಟೋ ಕರೆತಂದಳು. ನಂಜನಗೂಡಿನ ಆಸ್ಪತ್ರೆಗೆ ಹೋಗುವವರೆಗೂ ಮುದ್ದಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೂಸನ್ನು ಹಿಡಿದುಕೊಂಡೇ ಇದ್ದಳು. ಫ್ಯಾಕ್ಟರಿಯ ಕೋಟಿನಲ್ಲೇ ಓಡಿಬಂದ ಕೋಮಲ, ಅವಳ ಕಡೆ ನೋಡದೆ ಕೂಸಿನ ಹಿಂದೆ ಒಳಗೆ ಹೋದಳು. ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಜೀವಕ್ಕೆ ಅಪಾಯವಿಲ್ಲ ಎನ್ನಲು ವಾರದ ಮೇಲೆ ಹಿಡಿಯಿತು. ಆ ವಾರ ಮುದ್ದಮ್ಮ ಪ್ರಾರ್ಥನೆಗೆ ಕೂತರೆ ಮಾತು ಬರುತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ಪ್ರಾರ್ಥನೆಗಳಲ್ಲಿ ಇಂಥದಕ್ಕೆ ಒಂದೂ ಇರಲಿಲ್ಲ.

ಇಲಾಖೆಯ ಸೂಪರ್‌ವೈಸರ್ ವಿಚಾರಣೆಗೆ ಬರುತ್ತಾರೆಂದು ಗೊತ್ತಾದಾಗ ಪ್ರೇಮ್‌ಕುಮಾರ್ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದ: "ಕೂಸೇ ಓಡ್‌ಬಂದು ಬಿತ್ತು ಅಂತ ಯೋಳು. ಅದೇನು ಸುಳ್ಳಲ್ವಲ್ಲ."

"ಸುಳ್ಳಲ್ಲ," ಎಂದಳು ಮುದ್ದಮ್ಮ.

ವಿಚಾರಣೆಯ ದಿನ ಅಂಗನವಾಡಿಯ ಮುಂದೆ ಅರ್ಧ ಊರೇ ಸೇರಿತ್ತು. ಗುರು ಕೆಂಡವಾಗಿದ್ದ. ಪೊಲೀಸ್ ಕಂಪ್ಲೇಂಟ್ ಕೊಟ್ಟೇ ತೀರುತ್ತೇನೆಂದು ಕೂಗಾಡಿದ್ದ. ಮುದ್ದಮ್ಮ ಎದ್ದು ನಿಂತು, "ಪಾತ್ರೆನ ಬಾಗ್ಲಲ್ಲಿ ಮಡಗಿದ್ದು ನಾನೇ. ಮಡಗ್ಬಿಟ್ಟು ಗೇಟ್ ತಾವ ಮಾತಾಡ್ತಾ ನಿಂತಿದ್ದೆ. ತಪ್ಪು ನಂದೇ," ಎಂದಳು. ಗೇಟಿನ ಬಳಿ ಏನು ಮಾತಾಡುತ್ತಿದ್ದೆ ಎಂಬುದನ್ನು ಮಾತ್ರ ಹೇಳಲಾಗಲಿಲ್ಲ. ಯಾರೂ ಕೇಳಲೂ ಇಲ್ಲ.

ಸೂಪರ್‌ವೈಸರ್ ಮೇಡಮ್, ಹಾಗಿದ್ದರೆ ಕೆಲಸ ಉಳಿಯುವುದು ಕಷ್ಟ ಎಂದರು. ಆಮೇಲೆ ಕೋಮಲಳ ಕಡೆ ತಿರುಗಿದರು. ಅವಳು ಆಸ್ಪತ್ರೆಯಿಂದ ಆವತ್ತು ಬೆಳಿಗ್ಗೆಯಷ್ಟೇ ಬಂದಿದ್ದಳು. ತಲೆ ಬಾಚಿರಲಿಲ್ಲ.

"ತಪ್ಪು ಇವ್ರದೇ ಮೇಡಮ್," ಎಂದಳು ಕೋಮಲ. "ಅವ್ರೇ ಒಪ್ಕಂಡವ್ರಲ್ಲ. ಆದ್ರೆ ತಗೀಬ್ಯಾಡಿ."

"ಯಾಕಮ್ಮ? ನಿನ್ನ ಮಗೂಗೆ ಆಗಿರೋದು."

"ಇನ್ಮ್ಯಾಲೆ ಈ ಊರಲ್ಲಿ ಬಿಸಿ ಪಾತ್ರೆಯ ಇವ್ರಷ್ಟು ಜ್ವಾಪಾನ್ವಾಗಿ ಮಡಗೋರು ಇನ್ಯಾರೂ ಸಿಕ್ಕಾಕಿಲ್ಲ. ನನ್ ಕೂಸೂ ಉಸಾರಾದ್ ಮ್ಯಾಲೆ ಇಲ್ಗೇ ಬತ್ತದೆ."

ಗುರು ಏನೋ ಹೇಳಲು ಬಾಯಿ ತೆರೆದ. ಕೋಮಲ ಅವನ ತೋಳು ಹಿಡಿದುಕೊಂಡು ಹೊರಟುಹೋದಳು. ಅವನು ಅವಳೊಡನೆ ಎಷ್ಟೋ ದಿನ ಮಾತು ಬಿಟ್ಟಿದ್ದನೆಂದು ಆಮೇಲೆ ಗೊತ್ತಾಯಿತು. ಮುದ್ದಮ್ಮನಿಗೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿದರು.

ಇದರಿಂದ ಅವಳಿಗೆ ಸಮಾಧಾನವಾಯಿತು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಕೋಮಲ ನಾಲ್ಕು ಜನರ ಮುಂದೆ ಉಗಿದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೂಸು ಮನೆಗೆ ಬಂದ ಸುದ್ದಿ ತಿಳಿದ ಸಂಜೆ, ತಾಯಿ ಮನೆಯವರು ಮಾಡಿಸಿಕೊಟ್ಟಿದ್ದ ಚಿನ್ನದ ಓಲೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಕೊಂಡು ಕೋಮಲಳ ಮನೆಗೆ ಹೋದಳು.

ಕೋಮಲ ಗಂಟು ಬಿಚ್ಚಿ ನೋಡಿ, ಹಾಗೇ ಮಡಚಿ ಅವಳ ಮಡಿಲಲ್ಲಿಟ್ಟಳು. "ಇದ್ನ ಇಸ್ಕಂಡ್ರೆ ನಿಂಗೆ ನಿದ್ದೆ ಬತ್ತದೆ ದೊಡ್ಡವ್ವ. ನನ್ ಕೂಸಿನ ಕೈ ಬರಾಕಿಲ್ಲ. ಓಲೆಯ ಆಕ್ಕೋ, ಬರೀ ಕಿವೀಲಿ ಚೆನ್ನಾಗಿ ಕಾಣಲ್ಲ."

ಮುದ್ದಮ್ಮ ಅಲ್ಲೇ ಕೂತಿದ್ದಳು. ಕೋಮಲಳೇ ಹೇಳಿದಳು: "ಒಂದ್ ಕೆಲ್ಸ ಅದೆ. ಗಾಯ ಮಾಯ್ತಾ ಮಾಯ್ತಾ ಚರ್ಮ ಬಿಗೀತದಂತೆ. ದಿನಾ ಮೂರೊತ್ತು ಎಣ್ಣೆ ಅಚ್ಚಿ ಕೈಯ ಮ್ಯಾಕೆ ಎತ್ತಿ ಎತ್ತಿ ಎಳೀಬೇಕು. ಇಲ್ದಿದ್ರೆ ತೋಳು ಪಕ್ಕೆಗೇ ಅಂಟ್ಕತ್ತದಂತೆ. ಬೆಳಿಗ್ಗೆ, ಸಾಯಂಕಾಲ ನಾ ಮಾಡ್ತೀನಿ. ಮದ್ಯಾನ ನಾ ಫ್ಯಾಕ್ಟರೀಲಿರ್ತೀನಿ. ಅದ್ನ ನೀ ಮಾಡು."

"ನಾನಾ?" ಎಂದಳು ಮುದ್ದಮ್ಮ. "ನನ್ ಕೈಗೆ ಕೊಡ್ತೀಯಾ ಕೂಸ?"

"ಇನ್ಯಾರ್ ಕೈಗೆ ಕೊಡ್ಲಿ? ಅಲ್ಲಿ ಇರಾದು ನೀನೇ ತಾನೇ. ಅಳ್ತಾಳೆ. ಅತ್ರೂ ಬುಡ್ಬಾರ್ದು."

ಮಾರನೆಯ ವಾರದಿಂದ ಅದು ಶುರುವಾಯಿತು. ಮಕ್ಕಳು ಊಟ ಮಾಡಿ ಮಲಗಿದ ಮೇಲೆ ಮುದ್ದಮ್ಮ ಕವನಳನ್ನು ಕಾಲ ಮೇಲೆ ಕೂರಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಚರ್ಮ ಕೆಂಪಗೆ, ಗಂಟು ಗಂಟಾಗಿ ಇತ್ತು. ತೋಳನ್ನು ಒಂದು ಗೇಣು ಎತ್ತುವಷ್ಟರಲ್ಲಿ ಕೂಸು ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. ಇನ್ನೊಂದು ಕೈಯಿಂದ ಮುದ್ದಮ್ಮನ ಕೆನ್ನೆಗೆ ಹೊಡೆಯುತ್ತಿತ್ತು. ಅವಳು ಹೊಡೆಸಿಕೊಳ್ಳುತ್ತಿದ್ದಳು, ತಾನೂ ಅಳುತ್ತಿದ್ದಳು, ಕೈ ಮಾತ್ರ ಬಿಡುತ್ತಿರಲಿಲ್ಲ. ಮುಗಿದ ಮೇಲೆ ಕೂಸು ಬಿಕ್ಕುತ್ತ ಬಿಕ್ಕುತ್ತ ಅದೇ ಮಡಿಲಲ್ಲಿ ನಿದ್ದೆ ಹೋಗುತ್ತಿತ್ತು. ತನ್ನ ಕೈ ಸುಡಲು ಕಾರಣಳಾದವಳ ಮಡಿಲು ಇದು ಎಂಬುದು ಅದಕ್ಕೆ ತಿಳಿಯದು ಎಂದು ಮುದ್ದಮ್ಮ ಅಂದುಕೊಳ್ಳುತ್ತಿದ್ದಳು. ಟೀಚರ್ ನಾಗರತ್ನ ಗೋಡೆಯ ಮೇಲೆ ಒಂದರ ಮೇಲೊಂದು ಗಿಣಿಗಳ ಚಿತ್ರ ಬರೆದುಕೊಟ್ಟರು. ಕೆಳಗಿನ ಗಿಣಿಯನ್ನು ಎಡಗೈಯಲ್ಲಿ ಮುಟ್ಟಿದ ದಿನ ಬೆಲ್ಲದ ಚೂರು. ಬೇಸಿಗೆ ಬರುವಷ್ಟರಲ್ಲಿ ಕೂಸು ಎರಡನೆಯ ಗಿಣಿಗೆ ಬಂದಿತ್ತು.

ಇತ್ತ ಚರ್ಚಿನಲ್ಲಿ ಮುದ್ದಮ್ಮ ಗುಡಿಸುವುದನ್ನು ಬಿಡಲಿಲ್ಲ, ಕರ್ತನ ಮೇಜಿಗೆ ಹೋಗುವುದನ್ನು ಬಿಟ್ಟಳು. ಎಲ್ಲರೂ ಎದ್ದು ಮುಂದೆ ಹೋಗುವಾಗ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ. ಕೊನೆಗೆ ಪಾಸ್ಟರು ಮಾರಯ್ಯನಹುಂಡಿಗೆ ಬಂದರು. ಪ್ರೇಮ್‌ಕುಮಾರ್ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ.

"ಯಾಕಮ್ಮ ಮುಂದೆ ಬರ್ತಿಲ್ಲ?"

"ನಂಗ್ ಯೋಗ್ಯತೆ ಇಲ್ಲ ಅಯ್ನೋರೆ."

ಪಾಸ್ಟರು ಕಾಫಿ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತರು. "ಮೊದಲೆಲ್ಲ ಯೋಗ್ಯತೆ ಇದೆ ಅಂತ ಬರ್ತಿದ್ರಾ?"

ಮುದ್ದಮ್ಮ ಎದುರಿಗೆ ನೆಲದ ಮೇಲೆ ಕೂತಳು.

"ಹಾಗೆ ಅಂದ್ಕೊಂಡು ಬರ್ತಿದ್ದಾಗ ನಾನು ತಡೀಬೇಕಿತ್ತು. ತಡೀಲಿಲ್ಲ. ತಡೆದದ್ದು ಬೇರೆ ಯಾರನ್ನೋ," ಎಂದರು ಪಾಸ್ಟರು. ಅವರ ಮುಖವೂ ಇಳಿದುಹೋಗಿತ್ತು. "ಯೋಗ್ಯತೆ ಇರೋರು ಬರಲಿ ಅಂತಾಗಿದ್ರೆ ಆ ಮೇಜಿನ ಹತ್ತಿರ ನಾನೂ ನಿಲ್ಲೋ ಹಾಗಿಲ್ಲಮ್ಮ. ಅದು ಸಂಬಳ ಅಲ್ಲ. ಊಟ."

ಆ ಮಾತು ಅವಳಿಗೆ ಅರ್ಥವಾಯಿತೋ ಇಲ್ಲವೋ, ಆದರೆ ಒಂದು ವಿಷಯ ತೀರ್ಮಾನವಾಯಿತು. ಮುಚ್ಚಿಟ್ಟದ್ದನ್ನು ಇಟ್ಟುಕೊಂಡು ತಿರುಗಲು ಇನ್ನು ಆಗುವುದಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಕೋಮಲ ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು.

"ಅವತ್ತು ಗೇಟ್ ತಾವ ನಾ ಏನ್ ಮಾತಾಡ್ತಿದ್ದೆ ಅಂತ ನಿಂಗೆ ಯೋಳ್ಬೇಕು ಕೋಮಲ."

ಕೋಮಲ ಒಂದು ಅಂಗಿಯನ್ನು ಕಲ್ಲಿಗೆ ಬಡಿದಳು. "ಗೊತ್ತು."

"ಏನ್ ಗೊತ್ತು?"

"ನನ್ನ ವಿಸ್ಯನೇ. ಗೋವಿಂದಮ್ಮ ಆಸ್ಪತ್ರೆಗ್ ಬಂದಿದ್ಲಲ್ಲ, ಮಾರ್ನೆ ದಿನ. ಅತ್ಕಂಡು ಎಲ್ಲ ಯೋಳುದ್ಲು. ದೇವ್ರು ಮೂಸೂ ನೋಡಾಕಿಲ್ಲ ಅಂದ್ಯಂತೆ."

ಮುದ್ದಮ್ಮ ಲೆಕ್ಕ ಹಾಕಿದಳು. ಅಂದರೆ ವಿಚಾರಣೆಯ ದಿನ, ತಲೆ ಬಾಚದೆ ಬಂದು ನಿಂತಿದ್ದ ದಿನ, ಇವಳಿಗೆ ಎಲ್ಲವೂ ಗೊತ್ತಿತ್ತು. ಕೂಸಿನ ಕೈಯನ್ನು ತನ್ನ ಕೈಗೆ ಕೊಟ್ಟ ದಿನವೂ ಗೊತ್ತಿತ್ತು.

"ಗೊತ್ತಿದ್ದೂ ಯಾಕೆ ಬುಟ್ಟೆ ನನ್ನ?"

ಕೋಮಲ ಕೈ ನಿಲ್ಲಿಸಿದಳು. "ಸುಳ್ಳು ಯಾಕೇಳ್ಲಿ ದೊಡ್ಡವ್ವ. ಮೊದ್ಲು ನೀ ಸತ್ತೋಗ್ಬೇಕು ಅಂತ್ಲೇ ಅಂದ್ಕಂಡಿದ್ದೆ. ಆಸ್ಪತ್ರೆ ವರಾಂಡದಲ್ಲಿ ಕುಂತ್ಕಂಡು ಅದ್ನೇ ಬೇಡ್ಕಂಡೆ." ಅವಳು ಒಗೆದ ಅಂಗಿಯನ್ನು ಬಕೆಟಿಗೆ ಹಾಕಿದಳು. "ಆಮ್ಯಾಕೆ ಈ ಮನೆ ಅತ್ತೆ ಗ್ಯಾಪ್ಕಕ್ಕೆ ಬಂದ್ಲು. ನಾ ಕೂಸ್ನ ಎತ್ಕಂಡು ಅವ್ಳ ಮನೆ ಬಾಗ್ಲಿಗ್ ಬಂದಾಗ ಯಾರ್ ಮಗ್ಳು, ಯಾಕ್ ಬಂದೆ, ಒಂದೂ ಕೇಳ್ನಿಲ್ಲ. ಕೂಸ್ನ ಇಸ್ಕಂಡು, ಮೊದ್ಲು ಉಣ್ಣು ಬಾ ಅಂದ್ಲು. ನನ್ನಂತೋಳ್ನ ಮನೆಗ್ ಸೇರುಸ್ಕಬೇಕು ಅಂತ ಅವ್ಳಿಗೇನು ಬರ್ದಿತ್ತಾ? ಅವ್ಳು ತೀರೋದ್ಮ್ಯಾಲೂ ಆ ಅನ್ನ ನನ್ ವಟ್ಟೇಲಿ ಅದೆ. ಅದ್ನ ಉಂಡೋಳು ನಾ ನಿನ್ನ ಬೀದಿಗಾಕುದ್ರೆ ಸರಿ ಇರ್ತಿರ್ಲಿಲ್ಲ. ಅಷ್ಟೆ."

ಮುದ್ದಮ್ಮ ಕೋಮಲಳ ಬಕೆಟಿನಿಂದ ಒಂದು ಸೀರೆ ತೆಗೆದುಕೊಂಡು ಹಿಂಡತೊಡಗಿದಳು. ಕೋಮಲ ಇನ್ನೊಂದು ತುದಿ ಹಿಡಿದುಕೊಂಡಳು.

ಅದಾದ ವಾರ ಹೆಂಗಸರ ಕೂಟದಲ್ಲಿ ಮುದ್ದಮ್ಮ ಎದ್ದು ನಿಂತು, ಎರಡು ವರ್ಷದ ಹಿಂದೆ ತಾನು ಆಡಿದ ಮಾತನ್ನು ವಾಪಸ್ ತೆಗೆದುಕೊಂಡಳು. ಗೇಟಿನ ಬಳಿಯ ಮಾತನ್ನೂ ಎಲ್ಲರಿಗೂ ಹೇಳಿದಳು. ಕೇಳುತ್ತಿದ್ದವರಲ್ಲಿ ಕೆಲವರು ನೆಲ ನೋಡಿದರು, ಯಾಕೆಂದರೆ ಅವತ್ತು ಅವಳ ಮಾತಿಗೆ ತಲೆಯಾಡಿಸಿದವರೂ ಅವರೇ. ಪಾಸ್ಟರು ಕೋಮಲಳ ಮನೆಗೆ ಹೋಗಿ ಕ್ಷಮೆ ಕೇಳಿದರು. ಕೋಮಲ ಕೂಡಲೇ ಒಪ್ಪಲಿಲ್ಲ. "ನೀವು ತಡೀರಿ ಅಂದಾಗ ತಡುದೆ. ಬನ್ನಿ ಅಂದ್‌ತಕ್ಷಣ ಬರಾಕೆ ನಂಗೂ ಟೈಮ್ ಬೇಕು," ಎಂದಳು. ಅದೂ ನ್ಯಾಯವೇ.

ಮಳೆಗಾಲದಲ್ಲಿ ಒಂದು ಭಾನುವಾರ ಅವಳ ಜೊತೆ ಗುರುವೂ ಬಂದ. ಬಟ್ಟಲು ಮೇಜಿನ ಮೇಲೆ ಬಂದಾಗ ಕೋಮಲ ಹೊರಗೆ ಹೋಗಲಿಲ್ಲ. ಎದ್ದು ಮುಂದಕ್ಕೆ ನಡೆದಳು. ಗೋಡೆಗೆ ಒರಗಿ ಕೂತಿದ್ದ ಮುದ್ದಮ್ಮನ ಬಳಿ ಬಂದಾಗ ನಿಂತಳು.

"ಏಳು ದೊಡ್ಡವ್ವ," ಎಂದಳು ಮೆಲ್ಲಗೆ. "ನನ್ನೊಬ್ಳನ್ನೇ ಕಳಿಸ್ತೀಯಾ?"

ಇಬ್ಬರೂ ಒಂದೇ ಸಾಲಿನಲ್ಲಿ ಮೊಣಕಾಲೂರಿದ್ದನ್ನು ನಾವೆಲ್ಲ ನೋಡಿದೆವು. ಮುದ್ದಮ್ಮ ರೊಟ್ಟಿಯ ಚೂರು ಬೀಳದಿರಲಿ ಎಂದು ಎರಡು ಅಂಗೈಯನ್ನೂ ಜೋಡಿಸಿ ಹಿಡಿದಿದ್ದಳು.

ಆ ವರ್ಷದ ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲಿ, ಎಂದಿನಂತೆ ಜನ ಕುಂಬಳಕಾಯಿ, ಬಾಳೆಗೊನೆ, ಭತ್ತ ತಂದು ಮುಂದೆ ಇಟ್ಟರು. ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುವವರು ಎದ್ದು ಹೇಳಬಹುದು ಎಂದಾಗ ಮುದ್ದಮ್ಮ ಎದ್ದಳು. ದೊಡ್ಡ ದನಿಯ ಹೆಂಗಸು, ಏನು ಹೇಳುತ್ತಾಳೋ ಎಂದು ನಾವು ಕಾದೆವು. "ನನ್ನ ಬೀದಿಗಾಕ್ದೆ ಬುಟ್ಟವ್ರೆ," ಎಂದಳು. "ಸ್ತೋತ್ರ," ಎಂದು ಕೂತುಬಿಟ್ಟಳು.

ಇವೆಲ್ಲ ಆಗಿ ನಾಲ್ಕು ವರ್ಷ ಮೇಲಾಯಿತು. ಮುದ್ದಮ್ಮ ಇನ್ನೂ ಅದೇ ಅಂಗನವಾಡಿಯಲ್ಲಿದ್ದಾಳೆ. ಅವಳು ದೇವತೆಯಾಗಿಬಿಟ್ಟಳು ಎಂದು ಹೇಳಲಾರೆ. ಈಗಲೂ ಬಾಯಿ ಜೋರು. ನಲ್ಲಿಯ ನೀರಿಗೆ ಕೋಮಲಳ ಜೊತೆಯೇ ಎರಡು ಸಲ ಜಗಳವಾಡಿದ್ದಾಳೆ. ಆದರೆ ಯಾರದಾದರೂ ಸುದ್ದಿ ಎತ್ತಿಕೊಂಡು ಬಂದವರಿಗೆ, "ಒಲೆ ಮ್ಯಾಲೆ ಅನ್ನ ಅದೆ ಕಣವ್ವ," ಎಂದು ಒಳಗೆ ಹೋಗಿಬಿಡುತ್ತಾಳೆ.

ಕವನ ಈಗ ಶಾಲೆಗೆ ಹೋಗುತ್ತಾಳೆ. ಕೈ ಮೇಲಕ್ಕೆ ಹೋಗುತ್ತದೆ, ಪೂರ್ತಿ ಅಲ್ಲ, ಜಡೆಗೆ ತಾನೇ ರಿಬ್ಬನ್ ಕಟ್ಟಿಕೊಳ್ಳುವಷ್ಟು. ಗುರುತು ಮಾತ್ರ ಹೋಗಿಲ್ಲ. ಕೂಸಿಗೆ ಬುದ್ಧಿ ಬರುವ ದಿನವನ್ನು ಮುದ್ದಮ್ಮ ಹೆದರಿಕೊಂಡೇ ಕಾಯುತ್ತಿದ್ದಳು. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ತಾನೇ ಹೇಳಬೇಕೆಂದು ಕೋಮಲಳನ್ನು ಕೇಳಿ ಒಪ್ಪಿಸಿಕೊಂಡಿದ್ದಳು. ಈ ಸಲ ದಸರಾ ರಜದಲ್ಲಿ ಕವನ ಅವಳ ಮನೆಯ ಜಗಲಿಯಲ್ಲಿ ಕೂತು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಾಗ ಹೇಳಿದಳು. ಪಾತ್ರೆ ಎಲ್ಲಿಟ್ಟಿದ್ದೆ, ಯಾಕೆ ಬಿಟ್ಟುಹೋದೆ, ನೀನು ಹೇಗೆ ಬಿದ್ದೆ, ಒಂದನ್ನೂ ಬಿಡಲಿಲ್ಲ.

ಕವನ ಕೇಳಿಸಿಕೊಂಡಳು. ತೋಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಮುದ್ದಮ್ಮನ ಕೈಗಳನ್ನು ನೋಡಿದಳು.

"ನಿಂಗೂ ಸುಟ್ಟೋಗಿತ್ತಾ ಅಜ್ಜಿ?"

"ಇಲ್ಲ ಕಣವ್ವ. ನಂಗೇನೂ ಆಗ್ನಿಲ್ಲ."

"ಸದ್ಯ," ಎಂದಳು ಕವನ. ಕಡಲೆಕಾಯಿ ಬಟ್ಟಲನ್ನು ಅವಳ ಕಡೆಗೂ ಸರಿಸಿದಳು.